ಗಂಟೆ ಬಾರಿಸದ ಬೆಳಗು

ತಮ್ಮಾ, ಬರುವ ತಿಂಗಳು ನಿನಗೆ ಹದಿನೆಂಟು ತುಂಬುತ್ತದೆ. ಬಾಲಮಂದಿರದಿಂದ ಹೊರಗೆ ಬಂದು ತೋರಣಗಲ್ಲಿನ ವರ್ಕ್‌ಶಾಪಿಗೋ, ಕಮಲಾಪುರದ ಹೋಟೆಲಿಗೋ, ಹೊಸಪೇಟೆಯ ಗ್ಯಾರೇಜಿಗೋ ಕೆಲಸ ಕಲಿಯಲು ಸೇರುತ್ತೀಯ. ಇಂಟರ್ನ್‌ಶಿಪ್ ಅನ್ನು, ಅಪ್ರೆಂಟಿಸ್ ಅನ್ನು, ಟ್ರೈನಿ ಅನ್ನು, ಹೆಸರು ಏನಾದರೂ ಇರಲಿ. ನಾನು ಐಟಿಐಯಲ್ಲಿ ಟರ್ನರ್ ಹುಡುಗರಿಗೆ ಕಲಿಸಿ, ನಿವೃತ್ತಿಯಾಗಿ ದರೋಜಿಗೆ ಬಂದು ಕೂತವನು. ನನ್ನ ಕೈಯಲ್ಲಿ ಪಳಗಿದವರಲ್ಲಿ ನಿನ್ನಂತೆ ಬಾಲಮಂದಿರದಲ್ಲಿ ಬೆಳೆದವರೂ ಇದ್ದರು. ನಿನಗೆ ಕೆಲಸ ಬರುವುದಿಲ್ಲ ಅನ್ನುವ ಭಯ ನನಗೆ ಒಂದಿಷ್ಟೂ ಇಲ್ಲ. ನಿನಗೆ ಕೇಳಲು ಬರುವುದಿಲ್ಲ ಅನ್ನುವುದೇ ಚಿಂತೆ.

ಹೇಗೆ ಬಂದೀತು ಹೇಳು? ಬೆಳಿಗ್ಗೆ ಗಂಟೆ ಹೊಡೆದರೆ ಏಳುವುದು, ಇನ್ನೊಂದು ಗಂಟೆಗೆ ತಟ್ಟೆ ಹಿಡಿದು ಸಾಲು ನಿಲ್ಲುವುದು, ಮತ್ತೊಂದಕ್ಕೆ ಪುಸ್ತಕ, ಕೊನೆಯದಕ್ಕೆ ದೀಪ ಆರಿಸುವುದು. ಬರಬೇಕಾದದ್ದು ಕೇಳದೆಯೇ ಬಂತು. ಬಾರದೇ ಇದ್ದದ್ದು ಕೇಳಿದರೂ ಬರಲಿಲ್ಲ. ಎರಡೂ ಸೇರಿ ನಿನಗೆ ಸುಮ್ಮನಿರುವುದನ್ನು ಕಲಿಸಿದವು. ಮನೆಯಲ್ಲಿ ಬೆಳೆದ ಹುಡುಗನನ್ನು ನೋಡು. ಪೆನ್ಸಿಲಿಗೆ ಅವ್ವನ ಸೆರಗು ಜಗ್ಗಿ, ಜಾತ್ರೆಗೆ ಹತ್ತು ರೂಪಾಯಿಗಾಗಿ ಅಪ್ಪನ ಹಿಂದೆ ಸುತ್ತಿ, ಬೈಸಿಕೊಂಡು, ಅತ್ತು, ಮತ್ತೆ ಕೇಳಿ ಬೆಳೆದವನು ಅವನು. ‘ಇಲ್ಲ’ ಅನ್ನಿಸಿಕೊಂಡರೂ ರಾತ್ರಿ ಊಟಕ್ಕೆ ಕರೆಯುತ್ತಾರೆ ಅನ್ನುವುದು ಅವನಿಗೆ ಗೊತ್ತು. ಆ ಅಭ್ಯಾಸ ನಿನಗೆ ಸಿಕ್ಕಿಲ್ಲ. ಇಂಟರ್ನ್‌ಶಿಪ್ಪಿನ ಆರು ತಿಂಗಳೋ ವರ್ಷವೋ ಅದಕ್ಕೇ ಬಳಸಿಕೊಳ್ಳಬೇಕು ಅನ್ನುತ್ತೇನೆ. ಕೈಕೆಲಸ ಅದರ ಜೊತೆಗೇ ಬರುತ್ತದೆ.

ನಿನ್ನಂಥ ಒಬ್ಬ ಹುಡುಗನಿದ್ದ. ಎಲ್ಲರಿಗಿಂತ ಮೊದಲು ಬಂದು ಲೇಥ್ ಒರೆಸಿ, ಎಣ್ಣೆ ಬಿಟ್ಟು ನಿಲ್ಲುತ್ತಿದ್ದ. ಚಕ್ ಕೀಯನ್ನು ಚಕ್ಕಿನಲ್ಲೇ ಮರೆತು ಮಶೀನು ಚಾಲೂ ಮಾಡುವ ಮಬ್ಬರ ನಡುವೆ ಅವನೊಬ್ಬ ಕೀ ತೆಗೆದು, ಜಾಗದಲ್ಲಿಟ್ಟು, ಮತ್ತೊಮ್ಮೆ ನೋಡಿ ಸ್ವಿಚ್ ಒತ್ತುತ್ತಿದ್ದ. ಒಂದು ದಿನ 25 ಮಿಲಿಮೀಟರ್ ವ್ಯಾಸದ ಶಾಫ್ಟ್ ಕಡೆಯಲು ಕೊಟ್ಟೆ. ಡ್ರಾಯಿಂಗಿನಲ್ಲಿ ಅಳತೆಯ ಪಕ್ಕ ಪ್ಲಸ್ಸು ಮೈನಸ್ಸು ಹಾಕಿ, ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ ಎಂದು ಬರೆದಿತ್ತು. ಸಂಜೆ ಎಲ್ಲರ ಜಾಬೂ ಟೇಬಲ್ ಮೇಲೆ ಬಂದವು, ಅವನದು ಬರಲಿಲ್ಲ. ಹುಡುಕಿದರೆ ಕಬ್ಬಿಣದ ತುರಿ ಬೀಳುವ ಟ್ರೇಯ ಅಡಿಯಲ್ಲಿ ಸಿಕ್ಕಿತು. ಮೈಕ್ರೋಮೀಟರ್ ಹಿಡಿದರೆ 24.6. ದಪ್ಪ ಉಳಿದಿದ್ದರೆ ಇನ್ನೊಂದು ಕಟ್ ಕೊಟ್ಟು ಸರಿಮಾಡಬಹುದಿತ್ತು. ಸಣ್ಣಗಾದ ಮೇಲೆ ಅದು ಗುಜರಿಯೇ.

“ಯಾಕಲೇ, ಕೇಳಬಾರದಾಗಿತ್ತಾ?” ಅಂದೆ. “ಎಲ್ರಿಗೂ ಗೊತ್ತಿತ್ತು ಸಾರ್, ನನಗೊಬ್ಬನಿಗೇ ತಿಳೀಲಿಲ್ಲ ಅನ್ಕಂಡೆ” ಅಂದ. ಎಲ್ಲರಿಗೂ ಎಲ್ಲಿ ಗೊತ್ತಿತ್ತು! ಉಳಿದವರಲ್ಲಿ ಅರ್ಧ ಮಂದಿ ಬಂದು ಕೇಳಿ, ನನ್ನಿಂದ ಬೈಸಿಕೊಂಡು, ತಿಳಿದುಕೊಂಡು ಹೋಗಿದ್ದರು. ಅವನು ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಕೇಳಿದ: “ಸಾರ್, ನಾಳೆ ಬರಬೇಡ ಅಂತೀರಾ?” ಒಂದು ತುಂಡು ಕಬ್ಬಿಣ ಹಾಳಾದದ್ದಕ್ಕೆ ತನ್ನನ್ನೇ ಹೊರಗೆ ಹಾಕುತ್ತಾರೆ ಎಂದು ನಂಬಿದ್ದ. ಇದನ್ನು ನಿನ್ನ ಕಿವಿಗೆ ಹಾಕಬೇಕೆಂದೇ ಇಷ್ಟು ಉದ್ದಕ್ಕೆ ಹೇಳಿದೆ. ಮೇಸ್ತ್ರಿ ಬೈದ ಅಂದರೆ ನಿನ್ನನ್ನು ಬಿಟ್ಟ ಅಂತಲ್ಲ. ಬೈಯುವವನು ನಾಳೆಯೂ ನೀನು ಬರುತ್ತೀಯ ಎಂದುಕೊಂಡೇ ಬೈಯುತ್ತಾನೆ. ಕೇಳದೆ ತಪ್ಪು ಮಾಡಿ ಮುಚ್ಚಿಟ್ಟವನ ಮೇಲೆ ಅವನಿಗೆ ನಂಬಿಕೆ ಹೋಗುತ್ತದೆ, ಅಷ್ಟೇ.

ನಮ್ಮೂರಿನ ಬುರ್ರಕಥೆ ಈರಮ್ಮನ ಹೆಸರು ನೀನು ಕೇಳಿರುತ್ತೀಯ. ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ರಾತ್ರಿಗಟ್ಟಲೆ ಹಾಡುವಂಥ ಕಾವ್ಯಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದ ತಾಯಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು, 2014ರಲ್ಲಿ ತೀರಿಕೊಂಡಳು. ಬುರ್ರಕಥೆ ನೋಡಿದ್ದರೆ ಗೊತ್ತಿರುತ್ತದೆ, ಹಿಮ್ಮೇಳದವರು ಬರೀ ವಾದ್ಯ ಬಾರಿಸಿಕೊಂಡು ನಿಲ್ಲುವುದಿಲ್ಲ. ಹೂಂಗುಟ್ಟುತ್ತಾರೆ, ನಡುವೆ ಬಾಯಿ ಹಾಕುತ್ತಾರೆ, “ಅದ್ಯಾಕೆ ಹಂಗಾತು?” ಅನ್ನುತ್ತಾರೆ. ಕಥೆ ಮುಂದೆ ಹೋಗುವುದೇ ಆ ಪ್ರಶ್ನೆಯ ಮೇಲೆ. ಹಾಗೆ ಹೂಂಗುಟ್ಟುತ್ತ, ಕೇಳುತ್ತ ನಿಂತವರೇ ನಾಳೆ ಮುಂದೆ ಬಂದು ಕಥೆ ಹಿಡಿಯುವುದು. ವರ್ಕ್‌ಶಾಪಿನಲ್ಲಿ ನಿನ್ನ ಜಾಗ ಸದ್ಯಕ್ಕೆ ಆ ಹಿಮ್ಮೇಳದ್ದು.

ಇನ್ನು ಎಲ್ಲಿ ಸೇರಬೇಕು ಅನ್ನುವುದು. ಗೇಟು ದೊಡ್ಡದು, ಸಮವಸ್ತ್ರ ಚೆಂದ ಎಂದು ಹೋಗಬೇಡ. ಕಲಿಸುವವನು ಯಾರು ಎಂದು ವಿಚಾರಿಸು. ಮೂರು ತಿಂಗಳು ಬರೀ ಚಹಾ ತರಿಸುವ ದೊಡ್ಡ ಕಂಪನಿಗಿಂತ, ಎರಡನೇ ವಾರಕ್ಕೇ ವೆಲ್ಡಿಂಗ್ ಹೋಲ್ಡರ್ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುವ ಹೊಸಪೇಟೆ ಬೈಪಾಸಿನ ಗ್ಯಾರೇಜು ವಾಸಿ. ಮೊದಲೇ ಹೋಗಿ ನೋಡು. ಹೋದ ವರ್ಷ ಕಲಿಯಲು ಬಂದವರು ಈಗ ಎಲ್ಲಿದ್ದಾರೆ ಎಂದು ಕೇಳು. ಉತ್ತರ ತಡವರಿಸಿದರೆ ಅದೂ ಉತ್ತರವೇ.

ಇನ್ನೊಂದು, ಬೇರೆ ಊರಿಗೆ ಹೋದರೂ ಅನ್ನ ಹುಟ್ಟಿಸುವ ಕೆಲಸ ಕಲಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಈ ಭಾಗದ ಅದಿರು ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು. ಗಣಿಯನ್ನೇ ನಂಬಿದ್ದವರಿಗೆ ಕೆಲಸ ಹೋಯಿತು. ವೆಲ್ಡಿಂಗ್, ವೈರಿಂಗ್, ಡೀಸೆಲ್ ಇಂಜಿನ್ನು ತಿಳಿದವನಿಗೆ ಟ್ರ್ಯಾಕ್ಟರಿದ್ದ ಕಡೆಯೆಲ್ಲ ಕೆಲಸವಿತ್ತು; ಕಂಪ್ಲಿ, ಗಂಗಾವತಿ ಕಡೆ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರಿಗೇನು ಬರ. ಕೈಗೆ ಸೂಜಿ ಒಗ್ಗುವ ಹೆಣ್ಣುಮಗಳಾದರೆ ಸಂಡೂರಿನ ಕುಶಲ ಕಲಾ ಕೇಂದ್ರ ಇದೆ. ಅಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಆ ಕೆಲಸಕ್ಕೆ ದೂರದ ಊರುಗಳಲ್ಲೂ ಗಿರಾಕಿ ಇದ್ದಾರೆ. ಲೆಕ್ಕ, ಯಂತ್ರ ಎರಡೂ ಇಷ್ಟವಾದರೆ ಹೊಸಪೇಟೆಯ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನೋಡು. ಅವರ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಸೇರುವ ದಿನ ಕೇಳಬೇಕಾದ ಮೊದಲ ಪ್ರಶ್ನೆ: “ಕಾಗದ ಎಲ್ಲಿ ಸಾರ್?” 1961ರ ಅಪ್ರೆಂಟಿಸ್ ಕಾಯಿದೆಯಡಿ ಸೇರಿಸಿಕೊಂಡರೆ ಬರಹದ ಒಪ್ಪಂದ ಇರಲೇಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರಲ್ಲಿ ತಿದ್ದಿದ ನಿಯಮದಂತೆ ಹತ್ತನೇ ತರಗತಿ ಮುಟ್ಟದವರಿಗೆ ಕನಿಷ್ಠ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000 ಎಂದು ಗೊತ್ತುಮಾಡಿದ್ದರು. ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಮಾಲೀಕನ ಔದಾರ್ಯವಲ್ಲ, ಕಾನೂನು. ತರಬೇತಿಯಲ್ಲಿ ಗಾಯವಾದರೆ ಪರಿಹಾರವೂ ಅವನದೇ ಹೊಣೆ. ಹೀಗಾಗಿ ಕಾಗದವಿಲ್ಲದ ಕಡೆ ಗ್ರೈಂಡರ್ ಮುಟ್ಟಬೇಡ. ಕನ್ನಡಕ, ಬೂಟು ಕೊಡುವ ತನಕ ಕೇಳುತ್ತಲೇ ಇರು. ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುಮಾಡಿತು: ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000. ಶುರುವಿನಲ್ಲಿ ಅದಕ್ಕಿಟ್ಟ ವಯಸ್ಸು 21ರಿಂದ 24. ಹದಿನೆಂಟಕ್ಕೆ ಹೊರಬಿದ್ದವನು ಇಪ್ಪತ್ತೊಂದರ ತನಕ ಏನು ತಿನ್ನಬೇಕು ಎಂದು ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ ನನಗೆ.

ಆ ಮೂರು ವರ್ಷಕ್ಕೆ ಬೇರೆ ದಾರಿ ಇದೆ, ಅದನ್ನೂ ಕೇಳಿಯೇ ಪಡೆಯಬೇಕು. ಈಗಿನ ಬಾಲನ್ಯಾಯ ಕಾಯಿದೆ 2015ರದು. ಅದರ 46ನೇ ಕಲಂ ಪ್ರಕಾರ ಹದಿನೆಂಟು ತುಂಬಿ ಹೊರಬರುವವರಿಗೆ ಬದುಕು ಕಟ್ಟಿಕೊಳ್ಳಲು ಹಣದ ನೆರವು ಕೊಡಬಹುದು. ಈ ನೆರವು ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ತಮೂರರವರೆಗೂ ನಡೆಯುತ್ತದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಉಳಿದುಕೊಳ್ಳಲು ಅನುಪಾಲನಾ ಗೃಹ ಎಂಬ ವ್ಯವಸ್ಥೆಯೂ ಇದೆ, ಎಲ್ಲ ಊರಲ್ಲಿ ಇಲ್ಲ. ‘ಕೊಡಬಹುದು’ ಎಂದು ಬರೆದ ಕಾನೂನು ಕೇಳದವನ ಬಾಗಿಲಿಗೆ ತಾನಾಗಿ ಬರುವುದಿಲ್ಲ. ಹೊರಬೀಳುವ ಮೊದಲೇ ಸೂಪರಿಂಟೆಂಡೆಂಟರ ಹತ್ತಿರ ಹೋಗಿ, ನಿನ್ನ ವೈಯಕ್ತಿಕ ಪಾಲನಾ ಯೋಜನೆಯ ಹಾಳೆ ತೋರಿಸಿ ಅನ್ನು. ನಿನ್ನ ಬಗ್ಗೆ ಬರೆದದ್ದನ್ನು ನೀನೇ ಒಮ್ಮೆಯೂ ಓದಿಲ್ಲದಿದ್ದರೆ ಹೇಗೆ?

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ. ನಮ್ಮ ಕಡೆ ಇಲ್ಲೊಂದು ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕಮಲಾಪುರ, ಹಂಪಿ ಅತ್ತ ಹೋದವು, ಸಂಡೂರು, ಕಂಪ್ಲಿ, ನಮ್ಮ ದರೋಜಿ ಬಳ್ಳಾರಿಯಲ್ಲೇ ಉಳಿದವು. ನೀನು ಬೆಳೆದದ್ದು ಒಂದು ಜಿಲ್ಲೆ, ಕೆಲಸ ಕಲಿಯುವುದು ಇನ್ನೊಂದು ಜಿಲ್ಲೆ, ನಡುವೆ ದರೋಜಿ ಕರಡಿಧಾಮದ ಗುಡ್ಡ. ಇವರು ಅಲ್ಲಿಗೆ ಹೋಗು ಅಂದರು, ಅವರು ಇಲ್ಲಿಗೆ ಬಾ ಅಂದರು ಎಂದು ಸುಸ್ತಾಗಿ ಮನೆ ಸೇರಬೇಡ. ಯಾರು ಏನು ಹೇಳಿದರೋ ಅದನ್ನು ಬರಹದಲ್ಲಿ ಕೊಡಿ ಅನ್ನು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಗೆ ಬಾ. ಹಾಗೆಯೇ ಬ್ಯಾಂಕಿನ ಮೈನರ್ ಖಾತೆಯನ್ನು ನಿನ್ನ ಸಹಿಗೆ ಬದಲಾಯಿಸಿಕೋ.

ನಿನಗೆ ಬರುವ ಕೆಲಸವನ್ನೂ ಕಡಿಮೆ ಎಣಿಸಬೇಡ. ಹೋಟೆಲಿಗೆ ಸೇರಿದ ಒಬ್ಬ ಹುಡುಗಿಯ ವಿಷಯ ಕೇಳಿದ್ದೆ. ಬಾಲಮಂದಿರದಲ್ಲಿ ಎಂಬತ್ತು ಜನರ ಸಾಂಬಾರಿಗೆ ಕೈಹಾಕಿ ಬೆಳೆದವಳು. ಉಪ್ಪು, ಹುಳಿ ಕಣ್ಣಳತೆಯಲ್ಲೇ ಸರಿ ಬೀಳುತ್ತಿತ್ತು. ಒಂದು ಪ್ಲೇಟು ಉಪ್ಪಿಟ್ಟು ಮಾಡು ಅಂದಾಗ ಕೈ ನಡುಗಿತು. ಒಬ್ಬರಿಗಾಗಿ ಅಡುಗೆ ಮಾಡುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ. ರವೆ ಎಷ್ಟು ಹಿಡಿ, ನೀರು ಎಷ್ಟು ಲೋಟ ಎಂದು ಅಡುಗೆಭಟ್ಟರನ್ನು ಕೇಳಿ ಅಂಗೈ ಮೇಲೆ ಬರೆದುಕೊಂಡಳಂತೆ. ಹಂಪಿ ಉತ್ಸವದ ಹೊತ್ತಿಗೆ ಜನ ನುಗ್ಗಿದಾಗ, ಹಳಬರು ಒಲೆಯ ಮುಂದೆ ಗಾಬರಿಯಾಗಿದ್ದರೆ ಇವಳು ತಣ್ಣಗೆ ಹಂಡೆ ಏರಿಸಿದಳು. ಇಂಥದು ನಿನ್ನಲ್ಲೂ ಇರುತ್ತದೆ: ಚಿಕ್ಕವರನ್ನು ಸಂಭಾಳಿಸುವುದು, ಇದ್ದುದರಲ್ಲಿ ಹಂಚುವುದು, ಹೊತ್ತಿಗೆ ಸರಿಯಾಗಿ ಏಳುವುದು. ಸಂದರ್ಶನದಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ.

ಆದರೆ ಹಂಚುವ ಗುಣ ಸಂಬಳದ ದಿನ ಕಾಡುತ್ತದೆ. ಮೊದಲ ಸ್ಟೈಪೆಂಡ್ ಬಂದದ್ದು ಯಾರಿಗೂ ಹೇಳದೆ ಊರಿಗೆಲ್ಲ ತಿಳಿಯುತ್ತದೆ. ಹಳೆಯ ಗೆಳೆಯರು ಬರುತ್ತಾರೆ. ಇಷ್ಟು ವರ್ಷ ಕಾಣದ ಸೋದರಮಾವನೂ ಬಂದಾನು. ಒಬ್ಬರ ಸೋಪಿನಲ್ಲಿ ನಾಲ್ವರು ಮಿಂದವರು ನೀವು, ಇಲ್ಲ ಅನ್ನುವುದು ಕಷ್ಟ ಅಂತ ಗೊತ್ತು. ಕೊಡಲೇಬೇಕು ಅನ್ನಿಸಿದರೆ ಊಟ ಹಾಕಿಸು, ದುಡ್ಡು ಬೇಡ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳ ಕಡೆ ತಲೆ ಹಾಕಿಯೂ ಮಲಗಬೇಡ.

ಹಬ್ಬದ ಡ್ಯೂಟಿಯ ವಿಷಯ ಬೇರೆ ಯಾರೂ ನಿನಗೆ ಹೇಳಲಿಕ್ಕಿಲ್ಲ. ಯುಗಾದಿಗೆ, ದೀಪಾವಳಿಗೆ, ಊರ ಜಾತ್ರೆಗೆ ಎಲ್ಲರೂ ರಜೆ ಹಾಕುತ್ತಾರೆ. ಸೂಪರ್‌ವೈಸರ್ ನಿನ್ನ ಭುಜದ ಮೇಲೆ ಕೈಯಿಟ್ಟು, “ನಿನಗೇನಪ್ಪ, ಮನೆಗೆ ಹೋಗೋದಿಲ್ಲವಲ್ಲ, ನೀನಿದ್ದುಬಿಡು” ಅನ್ನುತ್ತಾನೆ. ಕೆಟ್ಟವನಲ್ಲ ಅವನು, ಅನುಕೂಲ ನೋಡುವವನು. ಮೊದಲ ಹಬ್ಬಕ್ಕೆ ಒಪ್ಪು. ಹೊಸಬ ಒಪ್ಪಬೇಕಾದದ್ದೇ. ಆದರೆ ಅದೇ ಉಸಿರಿನಲ್ಲಿ, “ಆಗಲಿ ಸಾರ್, ಇದರ ಬದಲು ಯಾವ ದಿನ ರಜೆ ಕೊಡ್ತೀರಿ?” ಎಂದು ಕೇಳು. ಎರಡನೆಯದಕ್ಕೆ “ಈ ಸಲ ನನಗೂ ಹಬ್ಬ ಇದೆ ಸಾರ್” ಅನ್ನು. ಎಲ್ಲಿ, ಯಾರ ಜೊತೆ ಎಂದು ವಿವರಿಸಬೇಕಾಗಿಲ್ಲ. ಸಿನಿಮಾ ನೋಡಿ ಮಲಗಿದರೂ ಅದು ನಿನ್ನ ಹಬ್ಬವೇ. ದರೋಜಿಗೆ ಬಂದರೆ ನಮ್ಮ ಮನೆಯಲ್ಲಿ ಹೋಳಿಗೆ ಇರುತ್ತದೆ, ಅದು ಬೇರೆ ಮಾತು.

ನಮ್ಮ ಜನ ಗುರುತು ಮಾಡಿಕೊಳ್ಳುವುದೇ “ಯಾವೂರು, ಯಾರ ಪೈಕಿ, ಮನೇಲಿ ಯಾರ್ಯಾರಿದಾರೆ” ಎಂದು. ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಸಂಕಟವಾಗುತ್ತದೆ. ಸುಳ್ಳಿನ ಅಪ್ಪ, ಸುಳ್ಳಿನ ಊರು ಕಟ್ಟಬೇಡ. ಅದನ್ನು ನೆನಪಿಟ್ಟುಕೊಳ್ಳುವುದೇ ಇನ್ನೊಂದು ನೌಕರಿ. “ಹೊಸಪೇಟೆ ಕಡೆಯವನು, ಹಾಸ್ಟೆಲಿನಲ್ಲಿ ಓದಿದ್ದು” ಅಂದರೆ ಸಾಕು. ನಂಬಿಕೆ ಬಂದ ಒಬ್ಬರಿಗೆ ಪೂರ್ತಿ ಹೇಳಿರು, ಜ್ವರ ಬಂದು ಮಲಗಿದಾಗ ಬಾಗಿಲು ಬಡಿಯಲು ಒಬ್ಬರು ಬೇಕು. ಉಳಿದವರಿಗೆ, ಅದರಲ್ಲೂ ಫೋಟೊ ತೆಗೆಸಲು ಬರುವವರಿಗೆ, ನಿನ್ನ ಕಥೆ ಒಪ್ಪಿಸುವ ಸಾಲ ನಿನ್ನ ಮೇಲಿಲ್ಲ. ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಬಂದ ಅತಿಥಿಗಳಿಗೆಲ್ಲ “ಈತ ಅನಾಥ, ನಾವೇ ಕೆಲಸ ಕೊಟ್ಟಿದ್ದೇವೆ” ಎಂದು ತೋರಿಸಬೇಡಿ. ಅವನ ಮುಂದಂತೂ ಬೇಡವೇ ಬೇಡ.

ತಂಗೀ, ಪಕ್ಕದಲ್ಲಿ ಕೂತು ಕೇಳುತ್ತಿರುವ ನಿನಗೂ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳವಾಗದಂತೆ 2013ರಲ್ಲಿ ಬಂದ ಕಾಯಿದೆ ಕಾಯಂ ನೌಕರರಿಗಷ್ಟೇ ಅಲ್ಲ, ಟ್ರೈನಿಗೂ ಅಪ್ರೆಂಟಿಸ್‌ಗೂ ಅನ್ವಯ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಇಲ್ಲದ ಕಡೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರಿದ ವಾರವೇ ಕೇಳು. ರಾತ್ರಿ ಪಾಳಿ ಇದ್ದರೆ ವಾಪಸು ಬಿಡುವ ಗಾಡಿ ಯಾವುದು ಎಂದೂ ಕೇಳು. ಕೇಳಿದ ಮಾತ್ರಕ್ಕೆ ‘ಜೋರು ಹುಡುಗಿ’ ಅನ್ನಿಸಿಕೊಂಡರೆ ಅನ್ನಿಸಿಕೋ, ಒಳ್ಳೆಯದೇ.

ಕೇಳುವುದು ಅಂದರೆ ಕೈಚಾಚುವುದು, ಕೈಚಾಚುವುದು ಅಂದರೆ ಅವಮಾನ, ಹೀಗೊಂದು ಭಾವನೆ ನಿಮ್ಮಲ್ಲಿ ಅನೇಕರಿಗೆ ಇದೆ. ದಾನದ ಬಟ್ಟೆ ತೊಟ್ಟು ವೇದಿಕೆ ಮೇಲೆ ನಿಂತು ಕೃತಜ್ಞತೆ ಹೇಳಿದವರಿಗೆ ಅದು ಬರುವುದು ಸಹಜ. ಇಲ್ಲಿಂದ ರೈಲು ಹತ್ತಿದರೆ ಗದಗ ದೂರವೇನಿಲ್ಲ, ಅಲ್ಲಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಮ್ಮೆ ಹೋಗಿ ಬಾ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದವರು, ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಯಲು ಹಚ್ಚಿದರು. ಕಲಿತದ್ದನ್ನು ಗವಾಯಿಗಳು ಅಂಧರಿಗೆ, ಅನಾಥ ಮಕ್ಕಳಿಗೆ ಧಾರೆಯೆರೆದರು. ಆ ಮಕ್ಕಳ ಹೊಟ್ಟೆಗಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರ ಮಡಿಲಿಗೆ ಬಂದು ಬಿದ್ದ, ಕಣ್ಣೂ ಹೆತ್ತವರೂ ಇಲ್ಲದ ಹುಡುಗನೇ ಪುಟ್ಟರಾಜ ಗವಾಯಿ. ಮುಂದೆ ಆಶ್ರಮವನ್ನು ನಡೆಸಿ, 2010ರಲ್ಲಿ ಪದ್ಮಭೂಷಣ ಪಡೆದರು.

ನನಗೆ ಅದರಲ್ಲಿ ಹಿಡಿಸಿದ್ದು ಪದ್ಮಭೂಷಣವಲ್ಲ, ಕಲಿಸಿದ ರೀತಿ. ಆಶ್ರಮಕ್ಕೆ ಸ್ವಂತ ನಾಟಕ ಕಂಪನಿ ಇತ್ತು, ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘ ಎಂದು. ಕಲಿಯುವ ಹುಡುಗ ಮೂಲೆಯಲ್ಲಿ ಕೂತು ಸ್ವರ ಉರುಹೊಡೆದರೆ ಸಾಲದು, ಟಿಕೆಟ್ ಕೊಟ್ಟು ಬಂದ ಜನರೆದುರು ಹಾಡಬೇಕು, ಹಾರ್ಮೋನಿಯಂ ಹಿಡಿಯಬೇಕು, ತಬಲಾ ನುಡಿಸಬೇಕು. ತಪ್ಪಿದರೆ ಜನ ಶಿಳ್ಳೆ ಹಾಕುತ್ತಾರೆ, ಸರಿಯಾದರೆ ‘ಒನ್ಸ್‌ಮೋರ್’ ಅನ್ನುತ್ತಾರೆ. ಹೊರಗಿನ ಜನ ತಮಗೆ ಬೇಕಾಗಿ ದುಡ್ಡು ಕೊಟ್ಟರು, ಅಯ್ಯೋ ಪಾಪ ಅಂತಲ್ಲ. ಆ ವ್ಯತ್ಯಾಸ ಹುಡುಗನ ಬೆನ್ನುಮೂಳೆಗೆ ತಿಳಿಯುತ್ತದೆ. ನಿನಗೂ ಯಾವಾಗಲಾದರೂ ಗೊತ್ತಾಗುತ್ತದೆ, ಗಿರಾಕಿಯೊಬ್ಬ ಗ್ಯಾರೇಜಿಗೆ ಬಂದು “ಹೋದ ಸಲ ಮಾಡಿದ ಹುಡುಗ ಎಲ್ಲಿ, ಅವನೇ ಮಾಡಲಿ” ಅಂದ ದಿನ.

ತರಬೇತಿ ಮುಗಿಯುವ ತಿಂಗಳು ಬಂದಾಗ ಒಂದು ಕೆಲಸ ಮರೆಯಬೇಡ. “ಮುಂದೆ ಇಟ್ಟುಕೊಳ್ತೀರಾ, ಇಲ್ಲವಾ?” ಎಂದು ಕೊನೆಯ ದಿನಕ್ಕೆ ಕಾಯದೆ ಮೊದಲೇ ಕೇಳು. ಇಲ್ಲ ಅಂದರೆ, “ಯಾರನ್ನಾದರೂ ಪರಿಚಯ ಮಾಡಿಕೊಡಿ” ಅನ್ನು; ಇಲ್ಲ ಅಂದವನು ಆ ಮುಜುಗರದಲ್ಲಿ ಎರಡು ಫೋನಾದರೂ ಮಾಡುತ್ತಾನೆ. ಸರ್ಟಿಫಿಕೇಟು ಪೋಸ್ಟಿನಲ್ಲಿ ಬರುತ್ತದೆ ಅಂದರೆ ಒಪ್ಪಬೇಡ, ನಿನ್ನ ವಿಳಾಸ ಬದಲಾಗುತ್ತಲೇ ಇರುತ್ತದೆ. ಕೈಗೇ ತಗೋ. ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರಿನಲ್ಲಿರುವ ಹಾಗೆಯೇ ಇದೆಯೇ ಎಂದು ಅಲ್ಲೇ ನಿಂತು ಅಕ್ಷರ ಅಕ್ಷರ ಓದು. ತಪ್ಪಿದ್ದರೆ ಟೈಪು ಮಾಡಿದವನು ಊಟಕ್ಕೆ ಏಳುವ ಮೊದಲೇ ತಿದ್ದಿಸಿಕೋ.